ಅಥೆನ್ಸ್‌ನಲ್ಲಿ ನಡೆಯುತ್ತಾ ಸುಖದ ವಿಚಾರ: ಒಂದೂವರೆ ದಿನದ ಕಾರ್ಯಾಗಾರವನ್ನು ನೀವೇ ನಡೆಸುವ ಬಗೆ

ಅಥೆನ್ಸ್‌ಗೆ ಹೋದವರು ಸಾಮಾನ್ಯವಾಗಿ ಅಕ್ರೊಪೊಲಿಸ್ ಹತ್ತುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಮಾರನೇ ದಿನ ದ್ವೀಪಗಳ ಹಡಗು ಹಿಡಿಯುತ್ತಾರೆ. ಅದೇ ಗುಡ್ಡದಿಂದ ಹೆಚ್ಚುಕಮ್ಮಿ ಮೂರು ಕಿಲೊಮೀಟರ್ ಒಳಗೆ, ಮನುಷ್ಯ ಸುಖವಾಗಿ ಬಾಳುವುದು ಹೇಗೆ ಅನ್ನೋ ಒಂದೇ ಪ್ರಶ್ನೆಗೆ ಐದಾರು ಬೇರೆ ಬೇರೆ ಉತ್ತರಗಳು ಹುಟ್ಟಿದ ಜಾಗಗಳಿವೆ. ಸಾಕ್ರಟೀಸ್ ಮಾತಾಡಿದ ಮಾರುಕಟ್ಟೆ, ಝೀನೋ ಪಾಠ ಹೇಳಿದ ಮಂಟಪ, ಪ್ಲೇಟೊನ ಶಾಲೆ ಅಕಾಡೆಮಿ, ಅರಿಸ್ಟಾಟಲ್‌ನ ಶಾಲೆ ಲೈಸಿಯಂ. ಎಲ್ಲವನ್ನೂ ನಡೆದೇ ಮುಟ್ಟಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಜಾಗಗಳಲ್ಲಿ ಕಣ್ಣಿಗೆ ಹಬ್ಬ ಅನ್ನಿಸುವಂಥದ್ದು ಕಡಿಮೆ. ಬಹಳ ಕಡೆ ಮೊಣಕಾಲೆತ್ತರದ ಕಲ್ಲಿನ ಸಾಲು, ಅಷ್ಟೇ. ಸುಮ್ನೆ ನೋಡಿಕೊಂಡು ಹೋದರೆ ಬೇಜಾರಾಗುತ್ತದೆ. ಆದರೆ ಆ ಪ್ರಾಚೀನ ಗ್ರೀಕ್ ತತ್ವಜ್ಞಾನಿಗಳು ಸುಖದ ಬಗ್ಗೆ ಒಬ್ಬರೇ ಕೂತು ಯೋಚನೆ ಮಾಡಲಿಲ್ಲ. ಜೊತೆಗಾರರ ಜೊತೆ ವಾದ ಮಾಡಿದರು, ಒಪ್ಪದವರನ್ನು ಎದುರಿಗೆ ಕೂರಿಸಿಕೊಂಡರು, ತಮ್ಮ ಉತ್ತರವನ್ನು ದಿನದ ಬದುಕಿನಲ್ಲಿ ಇಟ್ಟು ನೋಡಿದರು. ನಾವೂ ಹಾಗೇ ಮಾಡಬೇಕು. ಪ್ರತಿ ಜಾಗದಲ್ಲೂ ಒಂದು ಪ್ರಶ್ನೆ, ಕೈಯಾರೆ ಮಾಡುವ ಒಂದು ಕೆಲಸ. ಅದಿಲ್ಲದಿದ್ದರೆ ಇದು ಬರೀ ಪ್ರವಾಸ.

ಹೊರಡುವ ಮುಂಚೆ

ನಾಲ್ಕರಿಂದ ಎಂಟು ಜನ ಇದ್ದರೆ ಸರಿಯಾಗುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಇಬ್ಬರು ಮಾತಾಡುತ್ತಾರೆ, ಉಳಿದವರು ಹಿಂದೆ ಬರುತ್ತಾರೆ. ಎಲ್ಲರೂ ಒಂದೇ ಥರ ಯೋಚಿಸುವವರಾಗಿದ್ದರೆ ಮಜಾ ಇರಲ್ಲ. ಮಾತಿಗೆ ಮಾತು ಕೊಡುವ ಒಬ್ಬ ಚಿಕ್ಕಪ್ಪನೋ ಕಾಲೇಜು ಓದುವ ಮಗಳೋ ಗುಂಪಿನಲ್ಲಿರಲಿ. ಕನ್ನಡದಲ್ಲೇ ಮಾತಾಡಿ. ಸುಖದ ಬಗ್ಗೆ ಇಂಗ್ಲಿಷಿನಲ್ಲಿ ಮಾತು ಶುರುವಾದರೆ ಎಲ್ಲರೂ ಎಲ್ಲೋ ಓದಿದ್ದನ್ನು ಹೇಳುತ್ತಾರೆ. ಮನೆಮಾತಿನಲ್ಲಿ ಹಾಗೆ ತಪ್ಪಿಸಿಕೊಳ್ಳೋದು ಕಷ್ಟ.

ಏಪ್ರಿಲ್, ಮೇ, ಅಕ್ಟೋಬರ್ ಒಳ್ಳೆಯ ತಿಂಗಳುಗಳು. ಜುಲೈ, ಆಗಸ್ಟ್ ಬೇಡ. ಈಚಿನ ವರ್ಷಗಳಲ್ಲಿ ಬಿಸಿಲು ಮಿತಿಮೀರಿದಾಗ ಅಕ್ರೊಪೊಲಿಸ್ಸನ್ನೇ ಮಧ್ಯಾಹ್ನ ಮುಚ್ಚಿದ್ದಾರೆ. ಜನವರಿ 1, ಮಾರ್ಚ್ 25, ಅಲ್ಲಿನ ಈಸ್ಟರ್ ಭಾನುವಾರ, ಮೇ 1, ಡಿಸೆಂಬರ್ 25 ಮತ್ತು 26ರಂದು ಪುರಾತತ್ವ ತಾಣಗಳಿಗೆ ರಜೆ. ಈಸ್ಟರ್ ತಾರೀಕು ನಮ್ಮ ಕ್ಯಾಲೆಂಡರಿನಲ್ಲಿ ಇರುವುದಕ್ಕಿಂತ ಬೇರೆ ಇರಬಹುದು, ನೋಡಿಕೊಳ್ಳಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ. ಟಿಕೆಟ್ ದರ 2025ರ ಏಪ್ರಿಲ್‌ನಲ್ಲಿ ಬದಲಾಗಿದೆ, ಹಲವು ತಾಣಗಳಿಗೆ ಸೇರಿಸಿ ಕೊಡುತ್ತಿದ್ದ ಹಳೇ ಟಿಕೆಟ್ ಈಗಿಲ್ಲ. ಹಳೆಯ ಪ್ರವಾಸ ಲೇಖನಗಳ ಲೆಕ್ಕ ನಂಬಬೇಡಿ. ಗ್ರೀಸ್ ಸಂಸ್ಕೃತಿ ಇಲಾಖೆಯ ಅಧಿಕೃತ ಟಿಕೆಟ್ ತಾಣದಲ್ಲೇ ನೋಡಿ.

ರಬ್ಬರ್ ತಳದ ಶೂ ಹಾಕಿಕೊಳ್ಳಿ. ಅಮೃತಶಿಲೆ ಸಾವಿರಾರು ಜನರ ಕಾಲಿಗೆ ಸವೆದು ಜಾರುತ್ತದೆ. ನಲ್ಲಿ ನೀರು ಕುಡಿಯೋಕೆ ಯೋಗ್ಯ, ಖಾಲಿ ಬಾಟಲಿ ಇದ್ದರೆ ಸಾಕು. ಪ್ರತಿಯೊಬ್ಬರಿಗೂ ಒಂದು ಚಿಕ್ಕ ನೋಟ್‌ಬುಕ್, ಒಂದು ಪೆನ್ನು.

ಇನ್ನೊಂದು ವಿಷಯ. ಪುರಾತತ್ವ ತಾಣಗಳ ಒಳಗೆ ಗೈಡ್ ಕೆಲಸ ಮಾಡಲು ಗ್ರೀಸ್‌ನಲ್ಲಿ ಸರ್ಕಾರಿ ಪರವಾನಗಿ ಬೇಕು. ನೀವು ಗೆಳೆಯರ ಜೊತೆ ಮಾತಾಡಿಕೊಂಡು ಹೋಗೋದು ಬೇರೆ, ಗುಂಪಿನ ಮುಂದೆ ನಿಂತು ಉಪನ್ಯಾಸ ಕೊಡೋದು ಬೇರೆ. ಹಾಗಾಗಿ ಹಿನ್ನೆಲೆಯನ್ನು ಹೊರಗೆ ಹೇಳಿ ಮುಗಿಸಿ. ಒಳಗೆ ಇಬ್ಬಿಬ್ಬರಾಗಿ ನಡೆಯಿರಿ.

ಮೊದಲ ಹೆಜ್ಜೆ: ನಿಕ್ಸ್ ಗುಡ್ಡದಲ್ಲಿ ಒಂದು ಹೆಸರು

ಬೆಳಗ್ಗೆ ಏಳೂವರೆ ಹೊತ್ತಿಗೆ ನಿಕ್ಸ್ ಗುಡ್ಡದಲ್ಲಿ ಸೇರಿ. ಅಕ್ರೊಪೊಲಿಸ್‌ಗೆ ಎದುರಾಗಿ, ಪಶ್ಚಿಮಕ್ಕಿದೆ. ಟಿಕೆಟ್ ಇಲ್ಲ. ಅಥೆನ್ಸ್‌ನ ನಾಗರಿಕರು ಸಭೆ ಸೇರುತ್ತಿದ್ದದ್ದು ಇಲ್ಲೇ, ಮುಖ್ಯವಾದ ಕೆಲವು ನಿರ್ಣಯಗಳಿಗೆ 6,000 ಜನ ಹಾಜರಿರಬೇಕಿತ್ತು. ಬಂಡೆಯಲ್ಲಿ ಕಡೆದ ಭಾಷಣದ ಕಟ್ಟೆ ಇನ್ನೂ ಇದೆ.

ಇಲ್ಲಿ ಎಲ್ಲರೂ ನೋಟ್‌ಬುಕ್ ತೆಗೆದು ಒಂದೇ ಒಂದು ಹೆಸರು ಬರೆಯಬೇಕು: ನನಗೆ ಗೊತ್ತಿರುವವರಲ್ಲಿ ಅತ್ಯಂತ ಸುಖಿ ಯಾರು? ಬದುಕಿರುವವರು ಆಗಬಹುದು, ತೀರಿಕೊಂಡವರೂ ಆಗಬಹುದು. ಪಕ್ಕದಲ್ಲಿ ಕಾರಣ, ಎರಡು ಸಾಲು. ಬರೆದಾದ ಮೇಲೆ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳುವ ಕತೆ ಹೇಳಿ. ಲಿಡಿಯಾದ ಶ್ರೀಮಂತ ದೊರೆ ಕ್ರೀಸಸ್ ತನ್ನ ಖಜಾನೆಯನ್ನೆಲ್ಲ ತೋರಿಸಿ, ನೀನು ಕಂಡ ಅತ್ಯಂತ ಸುಖಿ ಯಾರು ಅಂತ ಅಥೆನ್ಸ್‌ನ ಶಾಸನಕಾರ ಸೋಲನ್‌ನನ್ನು ಕೇಳುತ್ತಾನೆ. ಸೋಲನ್ ಹೇಳುವುದು ಟೆಲ್ಲಸ್ ಎಂಬ ಒಬ್ಬ ಸಾಮಾನ್ಯ ಅಥೆನ್ಸಿನವನ ಹೆಸರು. ಊರು ಚೆನ್ನಾಗಿದ್ದ ಕಾಲದಲ್ಲಿ ಬಾಳಿದ, ಒಳ್ಳೆಯ ಮಕ್ಕಳಿದ್ದರು, ಮೊಮ್ಮಕ್ಕಳೆಲ್ಲ ಬದುಕುಳಿದರು, ಎಲ್ಯೂಸಿಸ್‌ನ ಯುದ್ಧದಲ್ಲಿ ಊರಿಗಾಗಿ ಸತ್ತ, ಜನ ಸಾರ್ವಜನಿಕವಾಗಿ ಮಣ್ಣು ಮಾಡಿದರು. ಬದುಕಿನ ಕೊನೆ ನೋಡದೆ ಯಾರನ್ನೂ ಸುಖಿ ಅನ್ನಬೇಡ, ಅಂತ ಸೋಲನ್ ದೊರೆಗೆ ಹೇಳುತ್ತಾನೆ.

ಈ ಕತೆಯಿಂದ ಶುರು ಮಾಡಲು ಕಾರಣ ಇದೆ. ಗ್ರೀಕರು ಸುಖ ಅಂದಾಗ ಇವತ್ತು ಮನಸ್ಸು ಹೇಗಿದೆ ಅಂತ ಕೇಳುತ್ತಿರಲಿಲ್ಲ. ಇಡೀ ಬಾಳು ಹೇಗೆ ಹೋಯಿತು ಅಂತ ಕೇಳುತ್ತಿದ್ದರು. ಗುಂಪಿನವರಿಗೆ ಇದು ಆರಂಭದಲ್ಲೇ ಗೊತ್ತಾಗದಿದ್ದರೆ, ಮಧ್ಯಾಹ್ನದ ಹೊತ್ತಿಗೆ ಮಾತು ಮನಸ್ಸು ಖುಷಿಯಾಗಿಟ್ಟುಕೊಳ್ಳುವ ಸಲಹೆಗಳ ಕಡೆ ಜಾರುತ್ತದೆ.

ಪಕ್ಕದ ಫಿಲೊಪಾಪ್ಪೌ ಗುಡ್ಡದಲ್ಲಿ ‘ಸಾಕ್ರಟೀಸ್ ಸೆರೆಮನೆ’ ಅನ್ನೋ ಕಲ್ಲಿನ ಕೋಣೆಗಳಿವೆ. ಹೆಸರಿಗೆ ಆಧಾರ ಇಲ್ಲ. ನೇರ ಕೆಳಗಿಳಿಯಿರಿ.

ಎರಡನೇ ಹೆಜ್ಜೆ: ಅಗೋರಾ. ಇಲ್ಲಿ ಸಮಯ ಜಾಸ್ತಿ ಕೊಡಿ

ಅಪೊಸ್ತೊಲು ಪಾವ್ಲು ಎಂಬ ನಡಿಗೆ ರಸ್ತೆಯಲ್ಲಿ ಇಳಿದು ಥಿಸಿಯೋ ರೈಲು ನಿಲ್ದಾಣದ ಹತ್ತಿರ ಬಂದರೆ, ಆಡ್ರಿಯಾನು ಬೀದಿಯಲ್ಲಿ ಪ್ರಾಚೀನ ಅಗೋರಾದ, ಅಂದರೆ ಹಳೆಯ ಮಾರುಕಟ್ಟೆಯ, ಬಾಗಿಲು. ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ.

ಮೊದಲು ನೈಋತ್ಯ ಮೂಲೆಗೆ ಹೋಗಿ. ಅಲ್ಲಿ ಒಂದು ಗಡಿಕಲ್ಲು ನಿಂತಿದೆ. ‘ನಾನು ಅಗೋರಾದ ಗಡಿ’ ಅಂತ ಅದರ ಮೇಲೆ ಕೆತ್ತಿದ್ದಾರೆ, ಕಲ್ಲೇ ಮಾತಾಡುವ ಹಾಗೆ. ಅದಕ್ಕೆ ತಾಗಿದಂತೆ ಒಂದು ಚಿಕ್ಕ ಮನೆಯ ಪಾಯ. ಅಗೆದಾಗ ಸಿಕ್ಕಿದ್ದು ಚಪ್ಪಲಿ ಹೊಲಿಯುವವರು ಬಳಸುವ ಸಣ್ಣ ಕಬ್ಬಿಣದ ಮೊಳೆಗಳು, ದಾರ ಪೋಣಿಸುವ ಮೂಳೆಯ ಸಣ್ಣ ಉಂಗುರಗಳು, ಮತ್ತೆ ಸೈಮನ್ ಅನ್ನೋ ಹೆಸರು ಗೀಚಿದ ಒಂದು ಬಟ್ಟಲಿನ ಮುರಿದ ತಳ. ಸಾಕ್ರಟೀಸ್ ಸೈಮನ್ ಎಂಬ ಚಮ್ಮಾರನ ಅಂಗಡಿಗೆ ಬಂದು ಮಾತಾಡುತ್ತಿದ್ದ, ಆ ಮಾತುಗಳನ್ನು ಸೈಮನ್ ಬರೆದಿಟ್ಟುಕೊಳ್ಳುತ್ತಿದ್ದ ಅಂತ ಹಳೆಯ ಗ್ರಂಥಗಳು ಹೇಳುತ್ತವೆ. ಇದೇ ಆ ಸೈಮನ್‌ನ ಅಂಗಡಿ ಅಂತ ಆಣೆ ಮಾಡಿ ಹೇಳಲಾಗದು. ಆದರೂ ಇಡೀ ಅಥೆನ್ಸ್‌ನಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಇದು. ತತ್ವಶಾಸ್ತ್ರ ಶುರುವಾಗಿದ್ದು ಚರ್ಮದ ವಾಸನೆಯ ನಡುವೆ, ಕೆಲಸ ನಿಲ್ಲಿಸದ ಒಬ್ಬ ಮನುಷ್ಯನ ಜೊತೆ ಅಂತ ಇಲ್ಲಿ ನಿಂತರೆ ಗೊತ್ತಾಗುತ್ತದೆ.

ಇಲ್ಲಿಂದ ಇಬ್ಬಿಬ್ಬರಾಗಿ ಹೊರಡಿ. ಒಬ್ಬರು ಕೇಳುವವರು, ಇನ್ನೊಬ್ಬರು ಉತ್ತರ ಕೊಡುವವರು. ಪ್ರಶ್ನೆ: ನಿಕ್ಸ್‌ನಲ್ಲಿ ನೀವು ಬರೆದ ಕಾರಣ ನಿಜಕ್ಕೂ ಸುಖಕ್ಕೆ ಕಾರಣವೇ? ನಿಯಮ ಎರಡೇ. ಉತ್ತರ ಚಿಕ್ಕದಿರಬೇಕು. ನೀವು ನಿಜವಾಗಿ ನಂಬಿದ್ದನ್ನೇ ಹೇಳಬೇಕು, ವಾದಕ್ಕೆ ಅಂತ ಹೇಳಬಾರದು. ಈ ಎರಡನೇ ನಿಯಮ ಸಾಕ್ರಟೀಸ್‌ನದ್ದೇ, ಜೊತೆಗಾರರು ತಪ್ಪಿಸಿಕೊಳ್ಳೋಕೆ ನೋಡಿದಾಗ ಅವನು ಇದನ್ನು ನೆನಪಿಸುತ್ತಿದ್ದ. ಕೇಳುವವರು ಬುದ್ಧಿ ಹೇಳಬಾರದು, ಪ್ರಶ್ನೆ ಮಾತ್ರ. ಅವರಿಗೆ ಆರೋಗ್ಯ ಇತ್ತು ಅಂದರೆ, ಆರೋಗ್ಯ ಇದ್ದೂ ದುಃಖಿಗಳಾದವರು ನಿಮಗೆ ಗೊತ್ತಿಲ್ವಾ ಅಂತ ಕೇಳಿ. ಮಕ್ಕಳು ಚೆನ್ನಾಗಿದ್ದಾರೆ ಅಂದರೆ, ಹಾಗಾದರೆ ಅವರ ಸುಖ ಇನ್ನೊಬ್ಬರ ಕೈಯಲ್ಲಿತ್ತಾ ಅಂತ ಕೇಳಿ. ಹತ್ತು ನಿಮಿಷ ಆದ ಮೇಲೆ ಪಾತ್ರ ಬದಲಿಸಿ.

ನಡೆಯುತ್ತಾ ಮೆಟ್ರೂನ್ ಕಟ್ಟಡದ ಪಾಯದ ಹತ್ತಿರ ಬರುತ್ತೀರಿ. ಸಿನೋಪೆಯಿಂದ ಬಂದ ತತ್ವಜ್ಞಾನಿ ಡಯೋಜನೀಸ್ ಮಲಗುತ್ತಿದ್ದ ದೊಡ್ಡ ಮಣ್ಣಿನ ಗುಡಾಣ ಇಲ್ಲೇ ಇತ್ತಂತೆ. ಒಬ್ಬ ಹುಡುಗ ಬೊಗಸೆಯಲ್ಲಿ ನೀರು ಕುಡಿಯುವುದನ್ನು ಕಂಡು ತನ್ನ ಬಟ್ಟಲನ್ನೂ ಬಿಸಾಕಿದ ಅನ್ನೋ ಕತೆ ಇವನದೇ. ಸಾಕ್ರಟೀಸ್ ಕೂಡ ಇದೇ ಮಾರುಕಟ್ಟೆಯಲ್ಲಿ ಮಾರಾಟಕ್ಕಿಟ್ಟ ಸಾಮಾನು ನೋಡಿ, ನನಗೆ ಬೇಡದ್ದು ಎಷ್ಟೊಂದಿದೆ ಅಂತ ಹೇಳುತ್ತಿದ್ದನಂತೆ. ಕೆಲಸ ಸುಲಭ: ಎಲ್ಲರೂ ತಮ್ಮ ಚೀಲ ತೆರೆದು, ಇವತ್ತು ಇಲ್ಲದಿದ್ದರೂ ನಡೆಯುತ್ತಿದ್ದ ವಸ್ತುಗಳನ್ನು ಎಣಿಸಲಿ.

ಆಮೇಲೆ ಅಟ್ಟಾಲಸ್ ಮಂಟಪದ ನೆರಳಿಗೆ ಹೋಗಿ. ಪೆರ್ಗಮನ್‌ನ ದೊರೆ ಎರಡನೇ ಅಟ್ಟಾಲಸ್ ಕ್ರಿ.ಪೂ. 2ನೇ ಶತಮಾನದಲ್ಲಿ ಕಟ್ಟಿಸಿದ್ದನ್ನು, 1950ರ ದಶಕದಲ್ಲಿ ಅಮೆರಿಕದ ಪುರಾತತ್ವಜ್ಞರು ಮತ್ತೆ ಎತ್ತಿ ನಿಲ್ಲಿಸಿದರು. ಒಳಗೆ ಸಣ್ಣ ಮ್ಯೂಸಿಯಂ. ಎರಡು ವಸ್ತುಗಳನ್ನು ಬಿಡಬೇಡಿ. ಒಂದು, ಕ್ರಿ.ಪೂ. 4ನೇ ಶತಮಾನದ ಕಂಚಿನ ಮತದ ಬಿಲ್ಲೆಗಳು. ನಡುವೆ ಚಿಕ್ಕ ಕಡ್ಡಿ, ಕೆಲವದರಲ್ಲಿ ಗಟ್ಟಿ, ಕೆಲವದರಲ್ಲಿ ಟೊಳ್ಳು. ಕಡ್ಡಿಯ ಎರಡೂ ತುದಿಯನ್ನು ಬೆರಳಲ್ಲಿ ಮುಚ್ಚಿ ಹಾಕಿದರೆ ಯಾರ ಪರ ಹಾಕಿದಿರಿ ಅಂತ ಯಾರಿಗೂ ಕಾಣಲ್ಲ. ಇನ್ನೊಂದು ನೀರಿನ ಗಡಿಯಾರ. ಮೇಲಿನ ಮಡಕೆಯ ತೂತಿನಿಂದ ಕೆಳಗಿನದಕ್ಕೆ ನೀರು ಬೀಳುತ್ತದೆ, ಖಾಲಿಯಾಗಲು ಸುಮಾರು 6 ನಿಮಿಷ. ನ್ಯಾಯಾಲಯದಲ್ಲಿ ಮಾತಿನ ಸಮಯ ಅಳೆಯುತ್ತಿದ್ದದ್ದು ಹೀಗೆ. ಇಡೀ ಕಾರ್ಯಾಗಾರಕ್ಕೆ ಈ 6 ನಿಮಿಷವನ್ನು ಬಳಸಿಕೊಳ್ಳಿ. ಫೋನಿನಲ್ಲಿ ಟೈಮರ್ ಇಟ್ಟು, ಗುಂಪಿನ ಚರ್ಚೆಯಲ್ಲಿ ಯಾರೇ ಆಗಲಿ ಅಷ್ಟೇ ಹೊತ್ತು ಮಾತಾಡಬೇಕು. ಹಿರಿಯರಿಗೂ ಇದೇ ನಿಯಮ.

ಕ್ರಿ.ಪೂ. 399ರಲ್ಲಿ ಸಾಕ್ರಟೀಸ್ ವಿಚಾರಣೆ ನಡೆದಾಗ ಸುಮಾರು 500 ಜನ ಪಂಚರಿದ್ದರು. ಬರೀ 30 ಮತ ಆಚೀಚೆ ಆಗಿದ್ದರೆ ಬಿಡುಗಡೆ ಆಗುತ್ತಿತ್ತು ಅಂತ ಅವನೇ ಅಂದದ್ದನ್ನು ಪ್ಲೇಟೊ ಬರೆದಿದ್ದಾನೆ. ನಿನಗೆ ತಕ್ಕ ಶಿಕ್ಷೆ ಏನು ಅಂತ ಕೇಳಿದಾಗ ಅವನು, ಒಲಿಂಪಿಕ್ ಗೆದ್ದವರಿಗೆ ಕೊಡುವ ಹಾಗೆ ನನಗೂ ನಗರದ ಖರ್ಚಿನಲ್ಲಿ ಊಟ ಹಾಕಿ ಅಂದ. ಅವರು ನಿಮ್ಮನ್ನು ಸುಖಿಗಳಂತೆ ಕಾಣಿಸುತ್ತಾರೆ, ನಾನು ನಿಜವಾಗಿ ಸುಖಿಗಳನ್ನಾಗಿ ಮಾಡುತ್ತೇನೆ, ಅನ್ನೋದು ಅವನ ವಾದ. ಸಾವಿನ ಎದುರು ನಿಂತು ಆಡಿದ ಮಾತು. ನೆರಳಿನಲ್ಲಿ ಕೂತು ಇದನ್ನೇ ಚರ್ಚೆಗಿಡಿ: ನಮ್ಮ ತಪ್ಪು ತೋರಿಸಿ ಕಿರಿಕಿರಿ ಮಾಡುವವರು ನಮ್ಮ ಸುಖಕ್ಕೆ ಕಾರಣರಾಗಬಲ್ಲರೇ? ಕೊನೆಗೆ ಚೀಟಿಯಲ್ಲಿ ಗುಟ್ಟಾಗಿ ಮತ ಹಾಕಿಸಿ.

ಮೂರನೇ ಹೆಜ್ಜೆ: ಬೇಲಿಯ ಆಚೆ ಝೀನೋ

ಹೊರಬಂದು ಆಡ್ರಿಯಾನು ಬೀದಿಯಲ್ಲೇ ಪೂರ್ವಕ್ಕೆ ನಡೆಯಿರಿ. ಒಂದು ಪಕ್ಕ ಹೋಟೆಲು ಸಾಲು, ಇನ್ನೊಂದು ಪಕ್ಕ ತಗ್ಗಿನಲ್ಲಿ ರೈಲು ಹಳಿ. 19ನೇ ಶತಮಾನದಲ್ಲಿ ಹಾಕಿದ ಆ ಹಳಿ ಹಳೆಯ ಅಗೋರಾವನ್ನೇ ಸೀಳಿಕೊಂಡು ಹೋಗಿದೆ. ಬೀದಿಯ ಉತ್ತರಕ್ಕೆ ಬೇಲಿ ಹಾಕಿದ ಒಂದು ಗುಂಡಿ ಕಾಣುತ್ತದೆ. ‘ಬಣ್ಣದ ಮಂಟಪ’ದ ಪಶ್ಚಿಮ ತುದಿ 1980ರ ದಶಕದ ಆರಂಭದಲ್ಲಿ ಇಲ್ಲೇ ಸಿಕ್ಕಿತು. ಮ್ಯಾರಥಾನ್ ಯುದ್ಧದ ಚಿತ್ರಗಳಿದ್ದ ಈ ಮಂಟಪದಲ್ಲಿ ಕ್ರಿ.ಪೂ. 300ರ ಆಸುಪಾಸಿನಲ್ಲಿ ಝೀನೋ ಪಾಠ ಶುರು ಮಾಡಿದ. ಸೈಪ್ರಸ್‌ನ ವ್ಯಾಪಾರಿ. ಹಡಗು ಮುಳುಗಿ ಎಲ್ಲ ಕಳಕೊಂಡು ಅಥೆನ್ಸ್‌ಗೆ ಬಂದವನು, ಒಂದು ಪುಸ್ತಕದಂಗಡಿಯಲ್ಲಿ ಸಾಕ್ರಟೀಸ್ ಬಗ್ಗೆ ಓದುವುದನ್ನು ಕೇಳಿ ಇಲ್ಲೇ ಉಳಿದ ಅಂತ ಕತೆ.

ಗಲಾಟೆಯ ಜಾಗ ಅಂತ ಬಿಟ್ಟು ಹೋಗಬೇಡಿ. ಸ್ಟೋಯಿಕರ, ಅಂದರೆ ಝೀನೋನ ಹಾದಿ ಹಿಡಿದವರ, ಪಾಠ ನಡೆದದ್ದು ಇಂಥ ಸಂತೆಯ ಅಂಚಿನಲ್ಲೇ. ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆಯಿರಿ. ಈಗ ತಲೆ ತಿನ್ನುತ್ತಿರುವ ಒಂದು ಚಿಂತೆ ತಗೊಂಡು, ಅದರಲ್ಲಿ ನನ್ನ ಕೈಯಲ್ಲಿರುವುದು ಎಡಕ್ಕೆ, ಇಲ್ಲದ್ದು ಬಲಕ್ಕೆ ಬರೆಯಿರಿ. ಗುಲಾಮನಾಗಿದ್ದು ಆಮೇಲೆ ಗುರುವಾದ ಎಪಿಕ್ಟೀಟಸ್ ಕಲಿಸಿದ ವಿಂಗಡಣೆ ಇದು. ಅಮ್ಮನ ಕಾಯಿಲೆ ವಾಸಿಯಾಗುವುದು ಬಲಕ್ಕೆ. ಡಾಕ್ಟರ ಹತ್ತಿರ ಕರಕೊಂಡು ಹೋಗುವುದು, ಪಕ್ಕದಲ್ಲಿ ಕೂರುವುದು ಎಡಕ್ಕೆ.

ಇಲ್ಲಿ ಯಾರಾದರೂ ಒಬ್ಬರು ‘ಕರ್ಮಣ್ಯೇವಾಧಿಕಾರಸ್ತೇ’ ಅಂದೇ ಅನ್ನುತ್ತಾರೆ. ಹೋಲಿಕೆ ಸಹಜ. ಆದರೆ ‘ನಮ್ಮಲ್ಲಿ ಇದು ಆಗಲೇ ಇದೆ’ ಅಂತ ಮಾತು ಅಲ್ಲಿಗೇ ನಿಂತರೆ ಎರಡಕ್ಕೂ ಅನ್ಯಾಯ. ಎಲ್ಲಿ ಬೇರೆಯಾಗುತ್ತವೆ ಅಂತ ಕೇಳಿ. ನನಗಂತೂ ಸ್ಟೋಯಿಕರು ಬಲಗಡೆಯ ಪಟ್ಟಿಯನ್ನು ಬಹಳ ಬೇಗ ಕೈಬಿಡುತ್ತಾರೆ ಅನ್ನಿಸುತ್ತದೆ. ಮಗು ಸತ್ತ ತಾಯಿಗೆ ಅದು ನಿನ್ನ ಕೈಯಲ್ಲಿರಲಿಲ್ಲ ಅಂತ ಹೇಳಿದರೆ ಸಾಕೇ? ಇದನ್ನು ಗುಂಪಿನ ಮುಂದಿಡಿ.

ಊಟ: ಎಪಿಕ್ಯೂರಸ್ ಹೇಳಿದಂತೆ

ಅಥೆನ್ಸ್‌ನಲ್ಲಿ ಪಾಠ ಹೇಳಿದ ಇನ್ನೊಬ್ಬ ತತ್ವಜ್ಞಾನಿ ಎಪಿಕ್ಯೂರಸ್ ಅಂದರೆ ತಿಂದು ಕುಡಿದು ಮಜಾ ಮಾಡು ಅಂದವನು ಅಂತ ಬಹಳ ಜನ ತಿಳಿದಿದ್ದಾರೆ. ಅವನ ದಿನದ ಊಟ ಬ್ರೆಡ್ಡು, ನೀರು. ಬೇಕಾದಾಗ ಹಬ್ಬ ಮಾಡೋಣ, ಒಂದು ಸಣ್ಣ ಮಡಕೆ ಗಿಣ್ಣು ಕಳಿಸು ಅಂತ ಗೆಳೆಯನಿಗೆ ಬರೆದಿದ್ದನಂತೆ. ಹಾಗಾಗಿ ಈ ದಿನ ಹೋಟೆಲು ಬೇಡ. ಬೇಕರಿಯಲ್ಲಿ ಬ್ರೆಡ್ಡು, ಅಂಗಡಿಯಲ್ಲಿ ಫೆಟಾ ಚೀಸು, ಆಲಿವ್, ಟೊಮ್ಯಾಟೊ ತಗೊಂಡು ಥಿಸಿಯೋ ಹತ್ತಿರದ ಬೆಂಚುಗಳಲ್ಲಿ ಕೂತು ಹಂಚಿಕೊಂಡು ತಿನ್ನಿ. (ರಾತ್ರಿಗೆ ಸಸ್ಯಾಹಾರಿಗಳಿಗೆ ಬಿಳಿ ಅವರೆಕಾಳಿನಂಥ ಗಿಗಾಂಡೆಸ್, ಬೇಯಿಸಿದ ಸೊಪ್ಪು ಹೋರ್ತಾ, ಬೇಳೆ ಅರೆದ ಫಾವಾ ಎಲ್ಲ ಕಡೆ ಸಿಗುತ್ತವೆ. ‘ನಿಸ್ತಿಸಿಮೊ’ ಅಂತ ಕೇಳಿ, ಉಪವಾಸದ ಅಡುಗೆ ಅಂತ ಅರ್ಥ. ಮಾಂಸ, ಹಾಲು, ಮೊಟ್ಟೆ ಇರಲ್ಲ. ಸಮುದ್ರದ ಸಿಗಡಿಯಂಥವು ಇರಬಹುದು, ಅದನ್ನು ಮಾತ್ರ ವಿಚಾರಿಸಿ.)

ತಿಂದಾದ ಮೇಲೆ ಫೋನ್ ತೆಗೆದು ಹೋದ ತಿಂಗಳ ಯುಪಿಐ ಪಟ್ಟಿ ನೋಡಿ. ಹೊರದೇಶದಲ್ಲಿರುವವರು ಕಾರ್ಡಿನ ಪಟ್ಟಿ ನೋಡಲಿ. ಪ್ರತಿ ಖರ್ಚನ್ನೂ ಎಪಿಕ್ಯೂರಸ್‌ನ ಮೂರು ಗುಂಪಿಗೆ ಹಾಕಿ: ಸಹಜ ಮತ್ತು ಅಗತ್ಯ, ಸಹಜ ಆದರೆ ಅಗತ್ಯವಲ್ಲ, ಎರಡೂ ಅಲ್ಲ. ಅಕ್ಕಿ ಮೊದಲನೆಯದು. ಬಿರಿಯಾನಿ ಎರಡನೆಯದು. ನಾಲ್ಕು ಜನ ಹೊಗಳಲಿ ಅಂತ ಕೊಂಡದ್ದು ಮೂರನೆಯದು. ಮದುವೆಗೆ ಕೊಟ್ಟ ಉಡುಗೊರೆ ಯಾವುದು? ತಂಗಿಗೆ ಕಳಿಸಿದ ದುಡ್ಡು? ಜಗಳ ಶುರುವಾಗುವುದೇ ಅಲ್ಲಿ, ಆಗಲಿ. ಮೊತ್ತ ಯಾರಿಗೂ ತೋರಿಸಬೇಕಿಲ್ಲ.

ಅವನ ತೋಟದ ಶಾಲೆಗೆ ಹೆಂಗಸರೂ ಗುಲಾಮರೂ ಬರುತ್ತಿದ್ದರು ಅನ್ನೋದನ್ನು ಹೇಳಲು ಮರೆಯಬೇಡಿ. ಸ್ನೇಹ ಅವನಿಗೆ ಸುಖದ ದೊಡ್ಡ ಪಾಲು.

ನಾಲ್ಕನೇ ಹೆಜ್ಜೆ: ಸಿಸೆರೊ ನಡೆದ ದಾರಿ

ವಿಶ್ರಾಂತಿ ಆದ ಮೇಲೆ, ಬೇಸಿಗೆಯಲ್ಲಿ ಐದಕ್ಕೆ, ಚಳಿಗಾಲದಲ್ಲಿ ಎರಡೂವರೆಗೇ, ಹಳೆಯ ಸ್ಮಶಾನದ ತಾಣ ಕೆರಾಮಿಕೋಸ್‌ನಿಂದ ಹೊರಡಿ. ಎರ್ಮು ಬೀದಿಯಲ್ಲಿದೆ. ಒಳಗೆ ಹೋಗುವುದಾದರೆ ಮುಚ್ಚುವ ಸಮಯ ಮೊದಲೇ ನೋಡಿ, ಚಳಿಗಾಲದಲ್ಲಿ ಬೇಗ ಮುಚ್ಚುತ್ತಾರೆ. ಹಳೆಯ ನಗರದ ದಿಪಿಲಾನ್ ಹೆಬ್ಬಾಗಿಲು ಇಲ್ಲೇ ಇತ್ತು. ಎರಿಡಾನೋಸ್ ಎಂಬ ತೊರೆ ಈಗಲೂ ಹರಿಯುತ್ತದೆ, ಹುಲ್ಲಿನಲ್ಲಿ ಆಮೆಗಳು ಓಡಾಡುತ್ತವೆ. ಯುದ್ಧದಲ್ಲಿ ಸತ್ತವರನ್ನು ಹೆಬ್ಬಾಗಿಲಾಚೆಯ ರಸ್ತೆಬದಿಯಲ್ಲಿ ಹೂಳುತ್ತಿದ್ದರು. ಸುಖದ ಬುಡ ಸ್ವಾತಂತ್ರ್ಯ, ಸ್ವಾತಂತ್ರ್ಯದ ಬುಡ ಧೈರ್ಯ ಅಂತ ಅಥೆನ್ಸ್‌ನ ನಾಯಕ ಪೆರಿಕ್ಲೀಸ್ ಹೇಳಿದ್ದು ಅಂಥ ಒಂದು ಸಂಸ್ಕಾರದ ಭಾಷಣದಲ್ಲಿ.

ಕ್ರಿ.ಪೂ. 79ರಲ್ಲಿ ರೋಮಿನ ವಾಗ್ಮಿ, ಲೇಖಕ ಸಿಸೆರೊ ಇನ್ನೂ ಇಪ್ಪತ್ತರ ಹರೆಯದಲ್ಲಿದ್ದಾಗ, ತಮ್ಮ ಕ್ವಿಂಟಸ್ ಮತ್ತು ಗೆಳೆಯರ ಜೊತೆ ದಿಪಿಲಾನ್‌ನಿಂದ ಅಕಾಡೆಮಿಗೆ ನಡೆದ. ಜನ ಇರಲ್ಲ ಅಂತಲೇ ಮಧ್ಯಾಹ್ನದ ಹೊತ್ತು ಆರಿಸಿಕೊಂಡರು. ದಾರಿಯಲ್ಲಿ ಎಪಿಕ್ಯೂರಸ್‌ನ ತೋಟ ಸಿಕ್ಕಿತು. ಇವತ್ತು ಆ ತೋಟದ ಜಾಗದಲ್ಲಿ ನೋಡಲು ಏನೂ ಇಲ್ಲ. ಮೆಕ್ಯಾನಿಕ್ ಅಂಗಡಿ, ಅಪಾರ್ಟ್‌ಮೆಂಟು, ವಾಹನಗಳ ನಡುವೆ ಅರ್ಧ ಗಂಟೆ ನಡೆಯಬೇಕು. ಮ್ಯಾಪಿನಲ್ಲಿ ‘ಅಕಾಡಿಮಿಯ ಪ್ಲಾಟೊನೊಸ್’ ಅಂತ ಹಾಕಿ. ನಗರದ ನಡುವೆ ‘ಅಕಾಡಿಮಿಯ’ ಅನ್ನೋ ದೊಡ್ಡ ಕಟ್ಟಡ, ಬಸ್ ಸ್ಟಾಪು ಬೇರೆ ಇವೆ, ಅವಕ್ಕೂ ಇದಕ್ಕೂ ಸಂಬಂಧ ಇಲ್ಲ.

ಅಕಾಡೆಮಿ ಈಗ ಬಡಾವಣೆಯ ಪಾರ್ಕು. ಟಿಕೆಟ್ ಇಲ್ಲ. ಕ್ರಿ.ಪೂ. 387ರ ಸುಮಾರಿಗೆ ಪ್ಲೇಟೊ ಶಾಲೆ ಶುರು ಮಾಡಿದ ತೋಪಿನ ಮರಗಳನ್ನು ಕ್ರಿ.ಪೂ. 86ರಲ್ಲಿ ರೋಮಿನ ಸೇನಾಪತಿ ಸುಲ್ಲಾ ಮುತ್ತಿಗೆಗೆ ಅಂತ ಕಡಿಸಿದ. ಉಳಿದಿರುವುದು ಪಾಯದ ಕಲ್ಲುಗಳು. ಅವುಗಳ ಸುತ್ತ ಮಕ್ಕಳು ಚೆಂಡಾಡುತ್ತಿರುತ್ತಾರೆ.

ಮರದ ಕೆಳಗೆ ಕೂತು ಗುಂಪನ್ನು ಎರಡು ಮಾಡಿ. ಸಿಸೆರೊ ಬರೆದ ಆ ಸಂಜೆಯ ವಾದವನ್ನೇ ಮುಂದುವರಿಸಿ. ಒಳ್ಳೆಯತನ ಒಂದಿದ್ದರೆ ಸುಖಕ್ಕೆ ಸಾಕು, ಆದರೆ ಆರೋಗ್ಯ, ಗೆಳೆಯರು, ಒಳ್ಳೆಯ ನಾಡು ಇದ್ದರೆ ಇನ್ನೂ ಸುಖ ಅಂತ ಒಂದು ಪಕ್ಷ. ಸುಖಕ್ಕೆ ಸಾಕು ಅಂದ ಮೇಲೆ ‘ಇನ್ನೂ’ ಎಲ್ಲಿಂದ ಬಂತು ಅಂತ ಸಿಸೆರೊನ ಪಕ್ಷ. ವಿಪರೀತ ನೋವಿನಲ್ಲಿರುವ ಒಳ್ಳೆಯ ಮನುಷ್ಯನನ್ನು ಸುಖಿ ಅನ್ನಬಹುದೇ? 6 ನಿಮಿಷದ ನಿಯಮ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಂಡವರು ಗುಂಪಿನಲ್ಲಿದ್ದರೆ ಅವರಿಗೆ ಕೊನೆಯ ಸರದಿ ಕೊಡಿ. ಅವರು ಬಾಯಿಬಿಟ್ಟ ಮೇಲೆ ಉಳಿದವರ ವಾದ ಟೊಳ್ಳಾಗುವುದನ್ನು ನೋಡಿದ್ದೇನೆ.

ಮಾರನೇ ಬೆಳಗ್ಗೆ: ಲೈಸಿಯಂ

ಎವಂಗೆಲಿಸ್ಮೊಸ್ ಮೆಟ್ರೊದಿಂದ ಸ್ವಲ್ಪ ದೂರ, ರಿಗಿಲಿಸ್ ಬೀದಿಯಲ್ಲಿ. 1996ರಲ್ಲಿ ಮ್ಯೂಸಿಯಂ ಕಟ್ಟಲು ಅಗೆದಾಗ ಕುಸ್ತಿ ಅಂಗಳದ ಪಾಯ ಸಿಕ್ಕಿತು, ಜನರಿಗೆ ತೆರೆದದ್ದು 2014ರಲ್ಲಿ. ಕ್ರಿ.ಪೂ. 335ರಲ್ಲಿ ಅರಿಸ್ಟಾಟಲ್ ಇಲ್ಲಿ ಪಾಠ ಶುರು ಮಾಡಿದ. ಕಾಲದ ಲೆಕ್ಕದಲ್ಲಿ ಅವನು ಝೀನೋಗಿಂತ ಮೊದಲಿನವನು. ಕೊನೆಗೆ ಇಟ್ಟದ್ದು ಬೇಕೆಂದೇ, ಯಾಕೆಂದರೆ ನಿನ್ನೆಯ ಎಲ್ಲ ಜಗಳಕ್ಕೂ ಅವನ ಹತ್ತಿರ ತಾಳ್ಮೆಯ ಉತ್ತರ ಇದೆ.

ಅರಿಸ್ಟಾಟಲ್ ಅಥೆನ್ಸಿನವನಲ್ಲ, ಉತ್ತರದ ಸ್ಟಗಿರಾದವನು. ಪರ ಊರಿನವನಾದ್ದರಿಂದ ಇಲ್ಲಿ ಜಮೀನು ಕೊಳ್ಳುವ ಹಕ್ಕೂ ಇರಲಿಲ್ಲ. ಝೀನೋ, ಡಯೋಜನೀಸ್ ಕೂಡ ಹೊರಗಿನವರು. ಊರು ಬಿಟ್ಟು ಬಾಳುತ್ತಿರುವ ಕನ್ನಡಿಗರು ಗುಂಪಿನಲ್ಲಿದ್ದರೆ ಇದರಿಂದ ಒಳ್ಳೆಯ ಮಾತು ಹೊರಡುತ್ತದೆ.

ಅರಿಸ್ಟಾಟಲ್ ಪ್ರಕಾರ ಸುಖ ಮಾಡುವ ಕೆಲಸದಲ್ಲಿದೆ, ಸಿಕ್ಕ ಸ್ಥಿತಿಯಲ್ಲಿ ಅಲ್ಲ. ನುಡಿಸಿ ನುಡಿಸಿ ವಾದ್ಯ ಬರುವಂತೆ, ಧೈರ್ಯದ ಕೆಲಸ ಮಾಡಿ ಮಾಡಿಯೇ ಧೈರ್ಯವಂತರಾಗುತ್ತೇವೆ. ಅದೃಷ್ಟವನ್ನೂ ಅವನು ಅಲ್ಲಗಳೆಯಲ್ಲ. ಯುದ್ಧದಲ್ಲಿ ಮಕ್ಕಳನ್ನೂ ಊರನ್ನೂ ಕಳಕೊಂಡ ಟ್ರಾಯ್‌ನ ಮುದಿ ದೊರೆ ಪ್ರಿಯಾಮ್‌ಗೆ ಬಂದ ಕಷ್ಟ ಬಂದರೆ ಯಾರನ್ನೂ ಪೂರಾ ಸುಖಿ ಅನ್ನಲಾಗದು ಅಂತ ಒಪ್ಪುತ್ತಾನೆ. ಸೋಲನ್‌ನ ಮಾತನ್ನೂ ಎತ್ತಿಕೊಂಡು ಚರ್ಚಿಸುತ್ತಾನೆ. ಹಾಗಾಗಿ ನಿಕ್ಸ್‌ನಲ್ಲಿ ಬರೆದ ಹೆಸರನ್ನು ಈಗ ಮತ್ತೆ ತೆಗೆದು, ಬದಲಾಯಿಸಬೇಕಾ ಅಂತ ಒಬ್ಬೊಬ್ಬರೂ ಹೇಳಲಿ. ಆಮೇಲೆ, ಒಂದು ತಿಂಗಳು ದಿನಾ ಮಾಡಬಹುದಾದ ಒಂದು ಚಿಕ್ಕ ಕೆಲಸ ಬರೆಯಲಿ. ಕೋಪ ಬಂದಾಗ ತಕ್ಷಣ ಮೆಸೇಜು ಕಳಿಸದಿರುವುದು, ಅಪ್ಪನಿಗೆ ಸಂಜೆ ಫೋನ್ ಮಾಡುವುದು, ಇಂಥದ್ದು. ಜೋಡಿಯವರಿಗೆ ಅದನ್ನು ಹೇಳಿ, ತಿಂಗಳ ಕೊನೆಗೆ ಮಾತಾಡುವ ತಾರೀಕನ್ನು ಅಲ್ಲೇ ಫೋನಿನಲ್ಲಿ ಹಾಕಿಕೊಳ್ಳಿ.

ಸಣ್ಣಪುಟ್ಟ ಬದಲಾವಣೆ

ವಯಸ್ಸಾದವರಿದ್ದರೆ ನಿಕ್ಸ್ ಬಿಟ್ಟು, ಅಟ್ಟಾಲಸ್ ಮಂಟಪದಲ್ಲೇ ಮೊದಲ ಹೆಸರು ಬರೆಸಿ. ಅಲ್ಲಿ ಕೂರಲು ಜಾಗ ಇದೆ, ನೆರಳಿದೆ. ಅಕಾಡೆಮಿಗೆ ಟ್ಯಾಕ್ಸಿ ಮಾಡಿ. ಒಂದೇ ದಿನ ಇದ್ದರೆ ಅಗೋರಾ ಮತ್ತು ಅಕಾಡೆಮಿ ಉಳಿಸಿಕೊಂಡು ಉಳಿದದ್ದನ್ನು ಬಿಡಿ. ಪರವಾನಗಿ ಇರುವ ಗೈಡ್ ಬೇಕಿದ್ದರೆ ಅಗೋರಾದ ಮೂರು ಗಂಟೆಗೆ ಮಾತ್ರ ಗೊತ್ತು ಮಾಡಿ. ಕಲ್ಲುಗಳ ವಿವರ ನೀವೇ ಹೇಳಿ, ಚರ್ಚೆ ನಾವು ಮಾಡಿಕೊಳ್ಳುತ್ತೇವೆ ಅಂತ ಮೊದಲೇ ತಿಳಿಸಿ. ಮಳೆ ಬಂದರೆ ಅಕಾಡೆಮಿಯ ವಾದವನ್ನು ಯಾವುದಾದರೂ ಕಾಫಿ ಅಂಗಡಿಗೆ ಸಾಗಿಸಿ. ಅಲ್ಲಿ ಒಂದು ಕಾಫಿ ಇಟ್ಟುಕೊಂಡು ಎರಡು ಗಂಟೆ ಕೂತರೂ ಯಾರೂ ಎಬ್ಬಿಸಲ್ಲ.